ಕಾರ್ಪೊರೇಟರ್ ಯಾಕೆ ಬೇಕು? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: 'ಕಾರ್ಪೊರೇಟರ್ ಇಲ್ಲದೆ ಐದು ವರ್ಷ ಕಳೆದೆವು. ಕಸದ ಗಾಡಿ ನಿಂತಿಲ್ಲ, ಬೀದಿದೀಪ ಆರಿಲ್ಲ. ಆ್ಯಪ್‌ನಲ್ಲಿ ದೂರು ಹಾಕಿದರೆ ಎಂಜಿನಿಯರ್ ಫೋನ್ ಮಾಡುತ್ತಾರೆ. ದೊಡ್ಡ ಕೆಲಸಕ್ಕೆ ಶಾಸಕರಿದ್ದಾರೆ. ಮತ್ತೆ ಕಾರ್ಪೊರೇಟರ್ ಯಾಕೆ?' ಅದೇ ಪತ್ರದ ಕೊನೆಗೆ ಇನ್ನೊಂದು ಅಳಲು: ಬಡಾವಣೆಯ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ತಗಡಿನ ಶೆಡ್ ಎದ್ದಿದೆ, ಯಾರನ್ನು ಕೇಳಿದರೂ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎನ್ನುತ್ತಾರೆ.

ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಿ ಸ್ವಾಮಿ.

ಕಸ, ದೀಪಕ್ಕೆ ಅಧಿಕಾರಿಗಳು ಸಾಕು, ಒಪ್ಪುತ್ತೇನೆ. ನೆಲದ ವಿಚಾರಕ್ಕೆ ಸಾಲದು. ಯಾವ ರಸ್ತೆ ಅಗಲವಾಗಬೇಕು, ಮನೆಗಳ ನಡುವೆ ಎಲ್ಲಿ ಅಂಗಡಿ ಬರಬಹುದು, ರಾಜಕಾಲುವೆ ಬದಿಗೆ ಎಷ್ಟು ಜಾಗ ಬಿಡಬೇಕು ಎಂಬುದೆಲ್ಲ ಕಡತದಲ್ಲಿ ತೀರ್ಮಾನವಾಗುತ್ತದೆ. ಭೂಬಳಕೆ ಬದಲಿಸುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ. ಆದರೆ ಟೆಂಡರ್ ಜಾಹೀರಾತುಗಳ ನಡುವೆ ಬರುವ ಆ ಸರ್ವೆ ನಂಬರ್ ತಮ್ಮ ಮನೆಯ ಹಿಂದಿನ ಜಾಗದ್ದೆಂದು ಎಷ್ಟು ಮಂದಿಗೆ ತಿಳಿದೀತು? ಗಡುವು ಮುಗಿದು ಜೆಸಿಬಿ ಬಂದ ಮೇಲೆ ಜನ ಎಚ್ಚರಾಗುತ್ತಾರೆ.

ಇಲ್ಲಿ ಕೆಲಸಕ್ಕೆ ಬರುವವರು ವಾರ್ಡಿನ ಸದಸ್ಯರು, ಅಂದರೆ ನೀವು ಯಾಕೆ ಎಂದು ಕೇಳಿದ ಅದೇ ಕಾರ್ಪೊರೇಟರ್. ಒಬ್ಬರ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಡಾವಣೆಯ ಮೂಲ ನಕ್ಷೆಯ ಪ್ರತಿ ತರಿಸಿ, ಗುಡಿಯ ಜಗಲಿ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟಿದ್ದರು. ಬಂದವರೆಲ್ಲ ಮೊದಲು ಹುಡುಕಿದ್ದು ತಮ್ಮ ಸೈಟ್ ನಂಬರ್. ಆಮೇಲೆ ಒಬ್ಬ ಹೆಂಗಸು ಹಸಿರು ಬಣ್ಣ ಬಳಿದ ತುಂಡಿನ ಮೇಲೆ ಬೆರಳಿಟ್ಟು 'ಇದು ಗುಜರಿ ಅಂಗಡಿ ಇರೋ ಜಾಗ ಅಲ್ವಾ?' ಎಂದರು. ಅಲ್ಲೇ ಮನವಿಗೆ ಸಹಿ ಬಿತ್ತು. ಪಾಲಿಕೆ ಸಭೆಯಲ್ಲಿ ಪ್ರಶ್ನೆಯಾಗಿ, ನಡಾವಳಿಯಲ್ಲಿ ದಾಖಲಾಗಿ, ಅಧಿಕಾರಿ ಲಿಖಿತ ಉತ್ತರ ಕೊಡಬೇಕಾಯಿತು. ಆ್ಯಪ್‌ನಲ್ಲಾದರೆ 'ಪರಿಹರಿಸಲಾಗಿದೆ' ಎಂದು ಒತ್ತಿ ಮುಗಿಸಬಹುದಿತ್ತು.

ಬಿಲ್ಲು, ಗುತ್ತಿಗೆಗಳ ಹಿಂದೆ ಓಡುವ ಸದಸ್ಯರನ್ನು ನೀವು ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಆದರೂ ಅವರನ್ನು ಐದು ವರ್ಷಕ್ಕೊಮ್ಮೆ ಬದಲಿಸಬಹುದು. ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ 198 ವಾರ್ಡ್‌ಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಬಜೆಟ್ ಸಿದ್ಧಪಡಿಸಿದವರೂ ಅಧಿಕಾರಿಗಳು, ಒಪ್ಪಿಗೆ ಕೊಟ್ಟವರೂ ಅಧಿಕಾರಿಗಳು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿದಾಗಲೂ ಒಳಗೆ ಕೂರಲು ಚುನಾಯಿತ ಸದಸ್ಯರಿರಲಿಲ್ಲ. ಶಾಸಕರ ಮಾತೆತ್ತಿದಿರಿ. ಆ 198 ವಾರ್ಡ್‌ಗಳ ಲೆಕ್ಕದಲ್ಲಿ ಒಬ್ಬ ಶಾಸಕರ ಪಾಲಿಗೆ ಸರಾಸರಿ ಏಳು ವಾರ್ಡ್. ನಿಮ್ಮ ಮೂಲೆಯ ಶೆಡ್ ಅವರ ಕಣ್ಣಿಗೆ ಬೀಳುವುದು ಯಾವಾಗ?

ಸದಸ್ಯರ ಕೈಗೆ ನಾವು ಕೊಟ್ಟ ಅಧಿಕಾರವೂ ಕಡಿಮೆಯೇ. ನಗರಾಡಳಿತಗಳಿಗೆ ವಹಿಸಬಹುದೆಂದು ಸಂವಿಧಾನದ 74ನೇ ತಿದ್ದುಪಡಿ ಪಟ್ಟಿ ಮಾಡಿದ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಬೆಂಗಳೂರಿನ 'ಮಹಾಯೋಜನೆ 2015' (ಮಾಸ್ಟರ್ ಪ್ಲಾನ್) ರೂಪಿಸಿದ್ದು ಮಾತ್ರ ಪಾಲಿಕೆಯಲ್ಲ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ). ಇದು ಬದಲಾಗಲೇಬೇಕು ಎಂದು ಈ ಪುಟದಲ್ಲಿ ಒತ್ತಿ ಹೇಳುತ್ತೇನೆ.

ಇನ್ನು ನಿಮ್ಮ ಪಾರ್ಕು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ನಿಮ್ಮದು ಬಿಡಿಎ ಬಡಾವಣೆಯಾಗಿದ್ದರೆ, ಉದ್ಯಾನದ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಅದು ಅಸಿಂಧು ಎಂದು ಬಿಡಿಎ ಕಾಯ್ದೆಯ 38ಎ ಕಲಂ ಹೇಳುತ್ತದೆ. ಮೊದಲು ಮಾಹಿತಿ ಹಕ್ಕಿನಡಿ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಶೆಡ್ಡಿನ ಫೋಟೊ ತೆಗೆದಿಡಿ. ದೂರನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮತ ಕೇಳಲು ಬರುವ ಅಭ್ಯರ್ಥಿಗೆ ಆ ನಕ್ಷೆಯನ್ನು ತೋರಿಸಿ, ವಾರ್ಡ್ ಸಮಿತಿ ಸಭೆಯನ್ನು ಪ್ರತಿ ತಿಂಗಳು ಕರೆಯುತ್ತೀರಾ, ಅದರ ನಡಾವಳಿ ನಮಗೂ ಸಿಗುತ್ತದಾ ಎಂದು ಕೇಳಿ. ನಕ್ಷೆ ಸಿಕ್ಕಿದ ಮೇಲೆ ಒಂದು ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.