ಸಂಪ್ ಒಳಗಿನ ಸೆಂಟ್ರಿಂಗ್ ಬಿಚ್ಚೋಕೂ ಪರ್ಮಿಟ್ ಬೇಕಾ?

ಹೊಸ ಅಪಾರ್ಟ್‌ಮೆಂಟಿನ ಸಂಪ್ ಒಳಗೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಸರೆಗೆ ಕಟ್ಟಿದ ಹಲಗೆ, ಕಂಬ) ಬಿಚ್ಚಬೇಕು, ಸೇಫ್ಟಿ ಆಫೀಸರ್, ಪರ್ಮಿಟ್ (ಒಳಗೆ ಇಳಿಯಲು ಬರೆದು ಕೊಡುವ ಅನುಮತಿ) ಇಲ್ಲದೆ ಯಾರನ್ನೂ ಇಳಿಸಬೇಡಿ ಅಂತ ಕೆಲಸ ನಿಲ್ಲಿಸಿದ್ದಾರೆ, ಇನ್ನೂ ನೀರೇ ತುಂಬದ ತೊಟ್ಟಿಯಲ್ಲಿ ಗ್ಯಾಸ್ ಎಲ್ಲಿಂದ ಬರಬೇಕು, ಇದೆಲ್ಲ ಸುಮ್ನೆ ಪೇಪರ್ ಕೆಲಸ ಅಲ್ವಾ ಎಂದು ಕೇಳಿದ್ದೀರಿ.

ಸುಮ್ನೆ ಪೇಪರ್ ಆಗಿರುವ ಪರ್ಮಿಟ್‌ಗಳು ಬೇಕಾದಷ್ಟಿವೆ, ಒಪ್ಪುತ್ತೇನೆ. ನಿಮ್ಮದು ಅದಲ್ಲ. ನಾನೂ ಸೈಟ್‌ಗಳಲ್ಲಿ ಸೇಫ್ಟಿ ನೋಡಿಕೊಳ್ಳುವವನು. ಹದಿನೈದನೇ ಮಹಡಿಯ ಅಂಚಿಗಿಂತ ನನಗೆ ಜಾಸ್ತಿ ಭಯ ಇರುವುದು ಮುಚ್ಚಿಟ್ಟ ಸಂಪ್ ಬಗ್ಗೆಯೇ.

ಗ್ಯಾಸ್ ಎಲ್ಲಿಂದ ಬರುತ್ತದೆ ಎಂದರೆ, ನೀವೇ ಒಳಗೆ ಬಿಟ್ಟ ಮರದಿಂದ. ಸ್ಲ್ಯಾಬ್ ಹಾಕಿದ ಮೇಲೆ ಉಳಿಯುವುದು ಒಂದು ಮ್ಯಾನ್‌ಹೋಲ್. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲೆಂದು ಹಾಕುವ ನೀರು, ಮಳೆ ನೀರು ಇಳಿದು ತಳದಲ್ಲಿ ನಿಲ್ಲುತ್ತದೆ. ಪ್ಲೈವುಡ್, ಹಲಗೆ, ಮರದ ಪುಡಿ ವಾರಗಟ್ಟಲೆ ಅದರಲ್ಲೇ ನೆನೆದು ಕೊಳೆಯುತ್ತವೆ. ಕೊಳೆಯುವಾಗ ಒಳಗಿನ ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ, ಕೆಲವೊಮ್ಮೆ ಹೈಡ್ರೋಜನ್ ಸಲ್ಫೈಡ್ ಕೂಡ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯುವಂತಿಲ್ಲ. ತೀರಾ ಕಮ್ಮಿ ಇದ್ದರೆ, ತಲೆ ಸುತ್ತುತ್ತಿದೆ ಎಂದು ಕೂಗುವಷ್ಟರಲ್ಲಿ ಆಳು ಬಿದ್ದಿರುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮೇಸ್ತ್ರಿ. ಒಂದೇ ಸಂಪ್‌ನಲ್ಲಿ ಎರಡು ಮೂರು ಸಾವು ಎಂದು ಪೇಪರ್‌ನಲ್ಲಿ ಓದುವುದು ಇದೇ ಕಾರಣಕ್ಕೆ.

"ಮೇಣದಬತ್ತಿ ಇಳಿಸಿ ನೋಡ್ತೀವಿ ಸಾರ್" ಅನ್ನುವ ಮೇಸ್ತ್ರಿ ಪ್ರತಿ ಸೈಟಲ್ಲೂ ಸಿಗುತ್ತಾರೆ. ಬತ್ತಿಗೆ ವಿಷದ ಗ್ಯಾಸ್ ಗೊತ್ತಾಗಲ್ಲ. ಒಳಗೆ ವಾಟರ್‌ಪ್ರೂಫಿಂಗ್ ಪ್ರೈಮರ್ (ನೀರು ಸೋರದಂತೆ ಮಾಡುವ ಲೇಪನದ ಮೊದಲ ಕೋಟ್) ಬಳಿದಿದ್ದರೆ ಅದರ ಆವಿಗೆ ಬೆಂಕಿಯೇ ಹತ್ತಬಹುದು. ಮೂಗನ್ನೂ ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹತ್ತಿರ ಬಂದರೆ ಕೊಳೆತ ಮೊಟ್ಟೆ ವಾಸನೆ ಕೂಡ ಮೂಗಿಗೆ ತಿಳಿಯುವುದು ನಿಂತುಹೋಗುತ್ತದೆ.

ಹಾಗಾಗಿ ಪರ್ಮಿಟ್ ಬರೆಯುವ ಜಾಗ ಸೈಟ್ ಆಫೀಸ್ ಅಲ್ಲ, ಮ್ಯಾನ್‌ಹೋಲ್ ಬಾಯಿ. ಎಲ್ಲ ಮುಚ್ಚಳ ತೆಗೆಸಿ, ಬ್ಲೋವರ್ ಪೈಪನ್ನು ತಳದವರೆಗೆ ಬಿಡಿಸಿ. ಬ್ಲೋವರ್ ಗಾಳಿ ಎಳೆಯುವ ಕಡೆ ಜನರೇಟರ್ ಹೊಗೆ ಇರಬಾರದು. ನಾಲ್ಕು ಗ್ಯಾಸ್ (ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಬೆಂಕಿ ಹತ್ತುವ ಗ್ಯಾಸ್) ತೋರಿಸುವ ಡಿಟೆಕ್ಟರನ್ನು ಮೇಲೆ, ನಡುವೆ, ತಳದಲ್ಲಿ ಹಿಡಿದು ನೋಡಿ. ಬಾಯಲ್ಲಿ 20.8 ತೋರಿಸಿದ್ದು ತಳದಲ್ಲಿ 17 ಇರಬಹುದು. ಆ ಮೂರೂ ಅಂಕಿ ಕಾಗದದ ಮೇಲೆ ಬರಬೇಕು. ಇಳಿಯುವವನಿಗೆ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ), ಹಗ್ಗ, ಮೇಲೆ ಅವನನ್ನು ಎತ್ತಲು ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ಬೇಕು. ದೀಪ 24 ವೋಲ್ಟಿನದು. ನಿಂತ ನೀರು ತೆಗೆಯಲು ಡೀಸೆಲ್ ಪಂಪನ್ನು ಒಳಗೆ ಇಳಿಸಲೇಬೇಡಿ. ಇಂಜಿನ್ ಹೊಗೆ ಮುಚ್ಚಿದ ಜಾಗಕ್ಕೆ ಬಿಡುವುದಾದರೆ ಕಾರ್ಬನ್ ಮೊನಾಕ್ಸೈಡ್ 50 ಪಿಪಿಎಂ ದಾಟದಂತೆ ನೋಡಿಕೊಳ್ಳಬೇಕು ಎಂದು ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲೇ ಇದೆ.

ಮೇಲೆ ನಿಲ್ಲುವವನ ಹೆಸರು ಪರ್ಮಿಟ್‌ನಲ್ಲಿರಲಿ. ಅವನಿಗೆ ಬೇರೆ ಕೆಲಸ ಹೇಳಬೇಡಿ, ಹಲಗೆ ಎತ್ತಿಕೊಡು ಅಂತಲೂ ಸಹ. ಏನೇ ಆದರೂ ಅವನು ಇಳಿಯುವಂತಿಲ್ಲ, ಹಗ್ಗ ಎಳೆದು ಜನ ಕರೆಯಬೇಕು. ಇದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಇಂಗ್ಲಿಷ್ ಫಾರಂಗೆ ಬಿಹಾರದ ಹುಡುಗನ ಹೆಬ್ಬೆಟ್ಟು ಒತ್ತಿಸಿದರೆ ಏನು ಬಂತು?

ಕೆಲಸ ಮುಗಿದಾಗ ಪರ್ಮಿಟ್ ಕ್ಲೋಸ್ ಮಾಡುವುದನ್ನು, ಅಂದರೆ ಏನು ಮುಗಿಯಿತು, ಏನು ಬಾಕಿ ಎಂದು ಬರೆದು ಒಪ್ಪಿಸುವುದನ್ನು, ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿಟ್ಟಿದ್ದರು. ಪಂಪ್ ರಿಪೇರಿಗೆ ಒಂದು ಪರ್ಮಿಟ್, ವಾಲ್ವ್‌ಗೆ ಇನ್ನೊಂದು. ರಾತ್ರಿ ಪಾಳಿಯವರಿಗೆ ವಾಲ್ವ್ ವಿಷಯ ಗೊತ್ತಾಗಲಿಲ್ಲ, ಪಂಪ್ ಚಾಲೂ ಮಾಡಿದರು, ಗ್ಯಾಸ್ ಸೋರಿ ಸ್ಫೋಟವಾಯಿತು. ನಿಮ್ಮ ಸೈಟಲ್ಲೂ ಸೆಂಟ್ರಿಂಗ್‌ನವರು ಒಳಗಿರುವಾಗಲೇ ವಾಟರ್‌ಪ್ರೂಫಿಂಗ್‌ನವರು ಬೇರೆ ಪರ್ಮಿಟ್ ಹಿಡಿದು ಪ್ರೈಮರ್ ಡಬ್ಬಿ ತೆರೆಯಬಹುದು. ಎರಡನ್ನೂ ಒಬ್ಬರೇ ನೋಡಿ ಸಹಿ ಮಾಡಬೇಕು.

ಇನ್ನು, ಪರ್ಮಿಟ್‌ಗೆ ಅರ್ಜಿ ಹಾಕಬೇಕಾದವರು ಸೈಟ್ ಎಂಜಿನಿಯರ್ ಆದ ನೀವು. ಸೇಫ್ಟಿಯವರು ಪರೀಕ್ಷಿಸುವವರು ಅಷ್ಟೇ. ಹಿಂದಿನ ಸಂಜೆಯೇ ಅರ್ಜಿ ಕೊಟ್ಟು, ಬೆಳಿಗ್ಗೆ ಆಳು ಬರುವ ಮೊದಲೇ ಬ್ಲೋವರ್ ಹಾಕಿಸಿ. ಆಗ ಅರ್ಧ ದಿನ ಹೋಗಲ್ಲ. ಊಟಕ್ಕೆ ಮೇಲೆ ಬಂದವರು ಮತ್ತೆ ಇಳಿಯುವ ಮುನ್ನ ಇನ್ನೊಮ್ಮೆ ರೀಡಿಂಗ್ ತೆಗೆಸಿ.