ಡಿಫೆನ್ಸ್ ಸತ್ತಿಲ್ಲ ಸ್ವಾಮಿ, ಹುಡುಗ್ರು ನಿಲ್ತಾ ಇಲ್ಲ

ವರ್ಜೀನಿಯಾದ ಆಶ್‌ಬರ್ನ್‌ನಿಂದ ಓದುಗರೊಬ್ಬರು ಬರೆದಿದಾರೆ. ಪತ್ರ ನಾಲ್ಕು ಪುಟ ಇದೆ, ಇಲ್ಲಿ ಸಾರ ಮಾತ್ರ: "ಹೋದ ಸಂಚಿಕೆಯಲ್ಲಿ ನೀವು ವರ್ಜೀನಿಯಾ ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಟೋನಿ ಬೆನೆಟ್ ಬಗ್ಗೆ ಬರೆದಿದ್ದು ಓದಿ ನಮ್ಮನೇಲಿ ಜಗಳ ಹತ್ಕೊಂಡಿದೆ. ಮಗ ವರ್ಜೀನಿಯಾ ಯೂನಿವರ್ಸಿಟೀಲಿ ಓದ್ತಾ ಇದಾನೆ. ಅವನ ಪ್ರಕಾರ ಪ್ಯಾಕ್ ಲೈನ್ ಡಿಫೆನ್ಸ್ ಮ್ಯೂಸಿಯಂ ಸಾಮಾನು, ತ್ರೀ ಪಾಯಿಂಟ್ ಗೆರೆ ಹಿಂದಕ್ಕೆ ಹೋದ ದಿನವೇ ಅದರ ಕಥೆ ಮುಗೀತು. ನಾನು ಹೇಳೋದು ಸಿಸ್ಟಮ್ ಸರಿಯಾಗೇ ಇತ್ತು, ಅಸಿಸ್ಟೆಂಟ್ ಕೋಚ್ ರಾನ್ ಸ್ಯಾಂಚೆಜ್ ಬಿಟ್ಟು ಹೋದ್ಮೇಲೆ ಉಳಿದ ಅಸಿಸ್ಟೆಂಟ್‌ಗಳ ಕೈಲಿ ಹುಡುಗ್ರನ್ನ ಬೆಳೆಸೋಕೆ ಆಗ್ಲಿಲ್ಲ. ನನ್ನ ಹೆಂಡ್ತಿ ಹೇಳೋದು, ಇಬ್ರೂ ಬಾಯ್ಮುಚ್ಕೊಂಡು ಊಟ ಮಾಡಿ. ಈಗ ನೋಡಿದ್ರೆ 2018ರಲ್ಲಿ ಎದುರಾಳಿ ಕೋಚ್ ಆಗಿ ನಮ್ಮ ಮಾನ ಕಳೆದ ರಯಾನ್ ಓಡಮ್‌ನನ್ನೇ ಕರ್ಕೊಂಡು ಬಂದು ಕೋಚ್ ಮಾಡಿದಾರೆ. ನೀವೇ ತೀರ್ಪು ಕೊಡಿ."

ತೀರ್ಪು ಮೊದ್ಲೇ ಕೊಟ್ಬಿಡ್ತೀನಿ ಸರ್, ಗೆದ್ದೋರು ನಿಮ್ಮ ಮನೆಯವರು. ಉಳಿದಿದ್ದು ಊಟ ಆದ್ಮೇಲೆ ಓದಿ.

ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ನೋಡದ ಓದುಗರಿಗೆ ಈ ಪ್ಯಾಕ್ ಲೈನ್ ಏನು ಅಂತ ಹೇಳ್ಬೇಕಲ್ಲ. ಕಬಡ್ಡಿ ನೆನಪಿಸ್ಕೊಳ್ಳಿ. ರೈಡರ್ ಒಳಗೆ ಬಂದಾಗ ಕಾರ್ನರ್‌ನವನು, ಕವರ್‌ನವನು ಎಲ್ಲಾ ಒಂದೇ ಸರಪಳಿ ಥರ ಹಿಂದೆ ಮುಂದೆ ಆಡ್ತಿರ್ತಾರೆ, ಯಾವನೋ ಒಬ್ಬ ಹೀರೋ ಆಗೋಕೆ ಹೋಗಿ ಒಬ್ಬನೇ ನುಗ್ಗಿದ್ರೆ ಪಾಯಿಂಟ್ ಹೋಯ್ತು ಅಂತಾನೇ. ಪ್ಯಾಕ್ ಲೈನೂ ಹಂಗೇ. ರಿಂಗ್‌ನಿಂದ ಸುಮಾರು 16 ಅಡಿ ದೂರಕ್ಕೆ ಒಂದು ಗೆರೆ ಇದೆ ಅಂತ ಅಂದ್ಕೊಳ್ಳಿ, ಅಂಗಳದಲ್ಲಿ ಬರೆದಿರಲ್ಲ, ಹುಡುಗ್ರ ತಲೇಲಿ ಮಾತ್ರ ಇರತ್ತೆ. ಬಾಲ್ ಇರೋನ ಎದುರಿಗೆ ಒಬ್ಬ ಮಾತ್ರ ಗೆರೆ ಆಚೆ ಹೋಗ್ತಾನೆ, ಉಳಿದ ನಾಲ್ವರು ಒಳಗೇ ಸಂದಿಗಳನ್ನ ಮುಚ್ಕೊಂಡು ನಿಂತಿರ್ತಾರೆ. ಬಾಲ್ ಇನ್ನೊಬ್ಬನ ಕೈಗೆ ಹೋದ ತಕ್ಷಣ ಅವನ ಕಾವಲಿನವನು ಕೈ ಎತ್ಕೊಂಡು ಓಡ್ಬೇಕು, ಅಷ್ಟೊತ್ತಿಗೆ ಮೊದಲು ಹೊರಗಿದ್ದವನು ಒಳಗೆ ಬಂದಿರ್ಬೇಕು. ಹೊರಗೆ ಓಡಿ ಹೋಗೋದಕ್ಕೆ ಕ್ಲೋಸ್‌ಔಟ್ ಅಂತಾರೆ. ಟೋನಿ ಅವರ ಅಪ್ಪ ಡಿಕ್ ಬೆನೆಟ್ ಕಟ್ಟಿದ ಪದ್ಧತಿ ಇದು, ಆ ಯಜಮಾನ 2000ದಲ್ಲಿ ವಿಸ್ಕಾನ್ಸಿನ್ ತಂಡನ ಫೈನಲ್ ಫೋರ್‌ಗೆ, ಅಂದ್ರೆ ದೇಶದ ಕಾಲೇಜ್ ಟೂರ್ನಮೆಂಟ್‌ನ ಸೆಮಿಫೈನಲ್‌ಗೆ, ಕರ್ಕೊಂಡು ಹೋದ್ರು. ಮಗ 2009ರಲ್ಲಿ ಅದನ್ನ ವರ್ಜೀನಿಯಾ ಯೂನಿವರ್ಸಿಟಿ ಇರೋ ಶಾರ್ಲಟ್ಸ್‌ವಿಲ್‌ಗೆ ತಂದ.

ಕೇಳೋಕೆ ಸುಲಭ. ಆದ್ರೆ ಐದು ಜನ ಒಂದೇ ಸಲ ಸರೀಬೇಕು, ಒಬ್ಬ ಅರ್ಧ ಸೆಕೆಂಡ್ ಲೇಟ್ ಆದ್ರೂ ಎದುರಾಳಿಗೆ ಆರಾಮಾಗಿ ತ್ರೀ, ಅಂದ್ರೆ ದೂರದ ಗೆರೆ ಆಚೆಯಿಂದ ಮೂರು ಪಾಯಿಂಟಿನ ಹೊಡೆತ, ಹೊಡೆಯೋಕೆ ಜಾಗ ಸಿಕ್ತು. ಇದು ಮೈಗೆ ಹತ್ತೋಕೆ ಟೈಮ್ ಬೇಕು. ನನ್ನ ವಾದ ಪೂರ್ತಿ ನಿಂತಿರೋದು ಈ ಟೈಮ್ ಮೇಲೇ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ನಿಮ್ಮ ಮಗನ ಮಾತು. ಗೆರೆ ಹಿಂದೆ ಹೋಗಿದ್ದು ನಿಜ, 2019-20ರ ಸೀಸನ್‌ನಿಂದ 20 ಅಡಿ 9 ಇಂಚು ಇದ್ದಿದ್ದು 22 ಅಡಿ ಒಂದೂಮುಕ್ಕಾಲು ಇಂಚಾಯ್ತು. 16 ಅಡಿ ಒಳಗೆ ನಿಂತವನು ಈಗ ಇನ್ನೂ ಜಾಸ್ತಿ ದೂರ ಓಡ್ಬೇಕು, ಲೆಕ್ಕ ಸರಿಯಾಗೇ ಇದೆ. ಆದ್ರೆ ತಮಾಷೆ ಏನು ಗೊತ್ತಾ, ಗೆರೆ ಹಿಂದೆ ಹೋದ ಆ ಮೊದಲ ವರ್ಷವೇ ವರ್ಜೀನಿಯಾ ದೇಶದಲ್ಲೇ ಅತಿ ಕಮ್ಮಿ ಪಾಯಿಂಟ್ ಬಿಟ್ಟುಕೊಟ್ಟ ತಂಡ. 23-7 ಗೆಲುವು ಸೋಲು, ಆಮೇಲೆ ಕೋವಿಡ್ ಬಂದು ಟೂರ್ನಮೆಂಟೇ ನಿಂತೋಯ್ತು. ಆ ವರ್ಷ ಕೈಕೊಟ್ಟಿದ್ದು ಡಿಫೆನ್ಸ್ ಅಲ್ಲ, ಬ್ಯಾಟಿಂಗ್. ಬಾಲ್ ರಿಂಗ್‌ಗೆ ಬೀಳ್ತಾನೇ ಇರ್ಲಿಲ್ಲ. 2024ರ ಮಾರ್ಚ್‌ನಲ್ಲಿ ಕೊಲರಾಡೋ ಸ್ಟೇಟ್ ಕೈಲಿ 67-42 ಸೋತ್ರಲ್ಲ, ಆ ಮ್ಯಾಚ್‌ನ ಮೊದಲ ಹಾಫ್‌ನಲ್ಲಿ ನಮ್ಮೋರು ಹೊಡೆದಿದ್ದು 14 ಪಾಯಿಂಟ್. ಹದಿನಾಲ್ಕು! ಇದಕ್ಕೆ ಯಾವ ಡಿಫೆನ್ಸ್ ಬಂದು ಏನು ಮಾಡತ್ತೆ.

ಕಮ್ಮಿ ಪಾಯಿಂಟ್ ಅಂದೆನಲ್ಲ, ಅಲ್ಲೂ ಒಂದು ಮೋಸ ಇದೆ, ಅಭಿಮಾನಿಗಳು ಎರಡೂ ಕಡೆಯೋರು ಇದನ್ನ ತಮಗೆ ಬೇಕಾದಂಗೆ ಬಳಸ್ತಾರೆ. ಕ್ರಿಕೆಟ್‌ನಲ್ಲಿ ಬೌಲರ್ 30 ರನ್ ಕೊಟ್ಟ ಅಂದ್ರೆ ನಾವು ಮೊದ್ಲು ಕೇಳೋದು ಎಷ್ಟು ಓವರ್‌ಗೆ ಅಂತ ತಾನೇ? ಇಲ್ಲೂ ಹಂಗೇ ಕೇಳ್ಬೇಕು, ಎಷ್ಟು ಪೊಸೆಷನ್‌ಗೆ ಅಂತ. ಪೊಸೆಷನ್ ಅಂದ್ರೆ ಬಾಲ್ ಒಂದು ತಂಡದ ಕೈಲಿರೋ ಒಂದು ಸರದಿ. ಬೆನೆಟ್ ತಂಡ ಯಾವಾಗ್ಲೂ ದೇಶದ ಅತಿ ನಿಧಾನದ ತಂಡಗಳಲ್ಲೊಂದು, ಒಂದು ಮ್ಯಾಚ್‌ಗೆ ಬರೋಬ್ಬರಿ 60 ಪೊಸೆಷನ್, ಬೇರೆಯೋರು 70 ಆಡ್ತಾರೆ ಅಂತಿಟ್ಕೊಳ್ಳಿ. ಪೊಸೆಷನ್‌ಗೆ ಒಂದೊಂದು ಪಾಯಿಂಟ್ ಬಿಟ್ಟುಕೊಟ್ರೂ ಇವ್ರ ಲೆಕ್ಕ 60, ಅವ್ರದ್ದು 70. ಡಿಫೆನ್ಸ್ ಎರಡೂ ಒಂದೇ, ನೋಡೋಕೆ ಮಾತ್ರ ಇವ್ರದ್ದು ಉಕ್ಕಿನ ಕೋಟೆ. ಅದಕ್ಕೇ ಕೆನ್ ಪಾಮರಾಯ್ ಥರದ ಅಂಕಿಅಂಶದವರು 100 ಪೊಸೆಷನ್‌ಗೆ ಎಷ್ಟು ಅಂತ ಲೆಕ್ಕ ಹಾಕೋದು, ಎಕಾನಮಿ ರೇಟ್ ಇದ್ದಂಗೆ. ಆ ತಕ್ಕಡೀಲಿ ತೂಗಿದ್ರೂ ಬೆನೆಟ್ ತಂಡಗಳು ಮೇಲೇ ನಿಲ್ತವೆ, ಅದು ಬೇರೆ ಮಾತು. ಇನ್ನೂ ಮುಖ್ಯವಾದ್ದು, ಕಪ್ ಗೆದ್ದ 2019ರ ತಂಡ ಅಟ್ಯಾಕ್‌ನಲ್ಲೂ ಆ ಪಟ್ಟಿಯ ಮೊದಲ ಐದರೊಳಗಿತ್ತು. ಬರೀ ಡಿಫೆನ್ಸ್‌ನಿಂದ ಬಂದ ಕಪ್ ಅಲ್ಲ ಸರ್ ಅದು. ನಿಮ್ಮ ಪತ್ರದಲ್ಲಿ ಹಂಗೆ ಬರೆದಿದೀರಿ, ತಿದ್ಕೊಳ್ಳಿ.

ನಿಧಾನ ಆಡಿದ್ರೆ ಸಣ್ಣ ತಂಡಕ್ಕೆ ಚಾನ್ಸ್ ಜಾಸ್ತಿ, ಮಳೆ ಬಂದು ಐದು ಓವರ್ ಮ್ಯಾಚ್ ಆದ್ರೆ ಯಾರು ಬೇಕಾದ್ರೂ ಗೆಲ್ಲಬಹುದು ಅಂತ ನಿಮ್ಮ ಮಗ ಹೇಳಿದಾನಂತಲ್ಲ, ಅದು ಬುದ್ಧಿವಂತರ ಮಾತು, ಅರ್ಧ ಒಪ್ತೀನಿ. 2023ರಲ್ಲಿ ಫರ್ಮನ್ ವಿರುದ್ಧ 68-67, ನಮ್ಮ ಕಿಹೇ ಕ್ಲಾರ್ಕ್ ಕೊನೇಲಿ ಬಾಲನ್ನ ಸೀದಾ ಎದುರಾಳಿ ಕೈಗೆ ಎಸೆದ, ಒಂದೇ ಒಂದು ಪಾಯಿಂಟ್ ಸೋಲು, ಅಲ್ಲಿ ಈ ಮಾತು ಹೊಂದತ್ತೆ. 2018ರ ಯುಎಂಬಿಸಿ ಮ್ಯಾಚ್‌ಗೆ ಹೊಂದಲ್ಲ. 20 ಪಾಯಿಂಟ್ ಸೋಲಿಗೆ ಮಳೆ ಕಾರಣ ಅಂತ ಹೇಳೋಕಾಗತ್ತಾ?

ಆ ಮ್ಯಾಚ್ ನೆನಪಾದ್ರೆ ನಂಗೆ ಈಗ್ಲೂ ಹೊಟ್ಟೆ ಕಿವುಚತ್ತೆ. 2018, ಮಾರ್ಚ್ 16, ಶುಕ್ರವಾರ ರಾತ್ರಿ. ಭಾನುವಾರ ಯುಗಾದಿ. ಸಂಘದ ಕಾರ್ಯಕ್ರಮಕ್ಕೆ ನಮ್ಮನೆ ಬೇಸ್‌ಮೆಂಟಲ್ಲಿ ಮಾವಿನೆಲೆ ತೋರಣ ಕಟ್ತಾ ಕೂತಿದ್ವಿ, ಟಿವಿ ಓಡ್ತಿತ್ತು, 31-2ರ ನಮ್ಮ ನಂಬರ್ ಒನ್ ತಂಡ, ಎದುರಿಗೆ ಯುಎಂಬಿಸಿ ಅಂತ ಬಾಲ್ಟಿಮೋರ್ ಪಕ್ಕದ ಒಂದು ಯೂನಿವರ್ಸಿಟಿ, ಯಾರು ತಲೆ ಎತ್ತಿ ನೋಡ್ತಾರೆ. ಹಾಫ್‌ಟೈಮ್‌ಗೆ 21-21. ಆಮೇಲೆ ಅವ್ರು ಒಂದೇ ಹಾಫ್‌ನಲ್ಲಿ 53 ಹೊಡೆದ್ರು, ಜೈರಸ್ ಲೈಲ್ಸ್ ಒಬ್ಬನೇ ಮ್ಯಾಚಲ್ಲಿ 28. ಅವ್ರ ತ್ರೀಗಳು 24ಕ್ಕೆ 12 ಬಿದ್ವು, ನಮ್ಮವು 22ಕ್ಕೆ 4. 74-54. ಪುರುಷರ ಟೂರ್ನಮೆಂಟಲ್ಲಿ ಒಂದನೇ ಸೀಡ್ (ಬಲದ ಲೆಕ್ಕದಲ್ಲಿ ತಂಡಕ್ಕೆ ಕೊಡೋ ನಂಬರ್) 16ನೇ ಸೀಡ್ ಕೈಲಿ ಅಲ್ಲೀವರೆಗೆ ಸೋತಿದ್ದೇ ಇಲ್ಲ, 135 ಮ್ಯಾಚ್ ಆಡಿ 135 ಗೆದ್ದಿದ್ರು. ನಮ್ಮ ಡಿಯಾಂಡ್ರೆ ಹಂಟರ್ ಮಣಿಕಟ್ಟು ಮುರ್ಕೊಂಡು ಹೊರಗಿದ್ದ ಅಂತ ನಾವೂ ಆಮೇಲೆ ಸಮಾಧಾನ ಹೇಳ್ಕೊಂಡ್ವಿ. ಹಿಂದೆ ಬಿದ್ದಾಗ ಬೇಗ ಬೇಗ ಆಡೋಕೆ ಆ ತಂಡಕ್ಕೆ ಬರ್ತಾನೇ ಇರ್ಲಿಲ್ಲ, ಅದು ನಿಜವಾದ ಕಾರಣ ಅಂತ ನನ್ನ ಅನಿಸಿಕೆ. ಭಾನುವಾರ ಹೊಸ ಸಂವತ್ಸರ ಶುರುವಾಯ್ತು, ಅದರ ಹೆಸರೋ ವಿಳಂಬಿ! ಪುರೋಹಿತರು ಹೆಸರು ಹೇಳಿದಾಗ ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕಂದ್ರು, ಯಾರು ಅಂತ ಹೇಳಲ್ಲ, ಈಗ ನಮ್ಮ ಖಜಾಂಚಿ.

ಮುಂದಿನ ಯುಗಾದಿ 2019ರ ಏಪ್ರಿಲ್ 6, ಅದೇ ಸಂಜೆ ಸೆಮಿಫೈನಲ್. ಆಬರ್ನ್ ವಿರುದ್ಧ 0.6 ಸೆಕೆಂಡ್ ಉಳಿದಿದ್ದಾಗ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕಿ ಮೂರನ್ನೂ ಹಾಕಿದ, 63-62. ಬೇವು ತಿಂದ ವರ್ಷಕ್ಕೆ ಸರಿಯಾಗಿ ಬೆಲ್ಲ. ಎರಡು ದಿನ ಬಿಟ್ಟು ಟೆಕ್ಸಾಸ್ ಟೆಕ್‌ನ ಓವರ್‌ಟೈಮಲ್ಲಿ 85-77 ಸೋಲಿಸಿ ಕಪ್.

ಈಗ ನಿಮ್ಮ ವಾದಕ್ಕೆ ಬರ್ತೀನಿ ಸರ್, ಬೇಜಾರು ಮಾಡ್ಕೋಬೇಡಿ. ರಾನ್ ಸ್ಯಾಂಚೆಜ್ ಹೋದ್ಮೇಲೆ ಎಲ್ಲಾ ಹಾಳಾಯ್ತು ಅಂತೀರಿ. ಅವರು ನಾರ್ತ್ ಕ್ಯಾರೊಲಿನಾದ ಶಾರ್ಲಟ್ ಯೂನಿವರ್ಸಿಟಿಗೆ ಹೆಡ್ ಕೋಚ್ ಆಗಿ ಹೋಗಿದ್ದು 2018ರಲ್ಲಿ. ಕಪ್ ಬಂದಿದ್ದು ಅವರಿಲ್ಲದ ಮೊದಲ ವರ್ಷವೇ! 2023ರಲ್ಲಿ ವಾಪಸ್ ಬಂದ್ರು, ಬಂದ ಆ ಸೀಸನ್ನೇ ಆ 67-42. ಇನ್ನೊಬ್ಬ ಅಸಿಸ್ಟೆಂಟ್ ರಿಚೀ ಮೆಕೇ ಅಂತೂ 2015ರಲ್ಲೇ ಲಿಬರ್ಟಿ ಯೂನಿವರ್ಸಿಟಿಗೆ ಹೋಗಿ ಇದೇ ಡಿಫೆನ್ಸ್ ಇಟ್ಕೊಂಡು 2019ರ ಟೂರ್ನಮೆಂಟಲ್ಲಿ 12ನೇ ಸೀಡ್ ಆಗಿ ಮಿಸ್ಸಿಸಿಪ್ಪಿ ಸ್ಟೇಟ್‌ನ ಸೋಲಿಸಿದ್ರು. ಅಸಿಸ್ಟೆಂಟ್‌ಗಳು ಹೋಗೋದು ಬರೋದು ಮಾಮೂಲು. ನನ್ನ ತಕರಾರು ಇದಕ್ಕೆ ಉಲ್ಟಾ ಇದೆ: ಬದಲಾವಣೆ ಜಾಸ್ತಿ ಆಗ್ಲಿಲ್ಲ, ಕಮ್ಮಿ ಆಯ್ತು. ಸುತ್ತ ಇದ್ದೋರೆಲ್ಲ ಒಂದೇ ಬಡಾವಣೆಯವರು. ಡಿಫೆನ್ಸ್ ಗೊತ್ತಿರೋ ಹತ್ತು ಜನ ಇದ್ದಾಗ ಅಟ್ಯಾಕ್ ಬೇರೆ ಥರ ಯೋಚಿಸೋ ಒಬ್ಬನನ್ನ ಹೊರಗಿಂದ ತರ್ಬೇಕಿತ್ತು, 2021ರ ಹೊತ್ತಿಗೇ. ಇದನ್ನ ಬೆನೆಟ್ ಮೇಲಿನ ಗೌರವ ಇಟ್ಕೊಂಡೇ ಹೇಳ್ತಿದೀನಿ.

ಹುಡುಗ್ರನ್ನ ಬೆಳೆಸೋಕೆ ಆಗ್ಲಿಲ್ಲ ಅನ್ನೋದಂತೂ ಒಪ್ಪಲ್ಲ. ಮಾಲ್ಕಮ್ ಬ್ರಾಗ್ಡನ್ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದ್ರೆ ವೃತ್ತಿಪರ ಲೀಗ್‌ನ ತಂಡಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ಕೊಳ್ಳೋವಾಗ, 36ನೆಯವನಾಗಿ ಹೋಗಿ 2017ರಲ್ಲಿ ರೂಕಿ ಆಫ್ ದಿ ಇಯರ್, ವರ್ಷದ ಅತ್ಯುತ್ತಮ ಹೊಸಬ, ಆದ. ಸ್ಯಾಮ್ ಹೌಸರ್‌ನ ಡ್ರಾಫ್ಟ್‌ನಲ್ಲಿ ಯಾರೂ ಕರೀಲಿಲ್ಲ, ಆದ್ರೂ 2024ರಲ್ಲಿ ಬಾಸ್ಟನ್ ಜೊತೆ ಚಾಂಪಿಯನ್. ಟ್ರೇ ಮರ್ಫಿ ರೈಸ್ ಯೂನಿವರ್ಸಿಟಿಯಿಂದ ಬಂದು ಒಂದೇ ಸೀಸನ್ ಆಡಿ 17ನೇ ಪಿಕ್. ಬೆಳೆಸೋ ಕೈ ಇತ್ತು. ಬೆಳೆಯೋಕೆ ಬೇಕಾದ ವರ್ಷಗಳು ಹೋದ್ವು.

2019ರ ತಂಡ ನೋಡಿ. ಹಂಟರ್, ಡಿಯಾಕಿಟೆ, ಜ್ಯಾಕ್ ಸಾಲ್ಟ್, ಜೇ ಹಫ್, ನಾಲ್ಕೂ ಜನ ರೆಡ್‌ಶರ್ಟ್ ಮಾಡಿದವರು. ಅಂದ್ರೆ ಮೊದಲ ವರ್ಷ ಪೂರ್ತಿ ಪ್ರಾಕ್ಟೀಸ್ ಮಾತ್ರ, ಮ್ಯಾಚ್ ಇಲ್ಲ, ಆಡೋ ನಾಲ್ಕು ವರ್ಷ ಹಂಗೇ ಉಳಿಯತ್ತೆ. ಊರಲ್ಲಿ ಹೀರೋ ಆಗಿದ್ದ ಹುಡುಗ ಇಲ್ಲಿ ಒಂದು ವರ್ಷ ಬೆಂಚಲ್ಲಿ ಕೂತು ಟವೆಲ್ ಬೀಸ್ಬೇಕು. ಹಾಗೆ ಕೂತ ಹಂಟರ್ ಫೈನಲಲ್ಲಿ 27 ಹೊಡೆದ, ಸೋಲು ಮೂಗಿನ ತುದೀಲಿದ್ದಾಗ ತ್ರೀ ಹಾಕಿ ಸಮ ಮಾಡಿದ್ದೂ ಅವನೇ. ಆಮೇಲೆ ಡ್ರಾಫ್ಟ್‌ನಲ್ಲಿ ನಾಲ್ಕನೆಯವನು. ಪರ್ಡ್ಯೂ ಮ್ಯಾಚಲ್ಲಿ ಬಝರ್ ಜೊತೆಗೆ ಬಾಲ್ ಹಾಕಿ ಓವರ್‌ಟೈಮ್‌ಗೆ ತಂದಿದ್ದು ಡಿಯಾಕಿಟೆ. ಆ ಕ್ಲೋಸ್‌ಔಟ್, ಆ ಸಂದಿ ಮುಚ್ಚೋದು, ಎಲ್ಲಾ ಆ ಬೆಂಚಿನ ವರ್ಷದಲ್ಲೇ ಮೈಗೆ ಹತ್ತಿದ್ದು. ಡಿಫೆನ್ಸ್ ಬೇರೆ, ಹುಡುಗ್ರನ್ನ ಬೆಳೆಸೋದು ಬೇರೆ ಅಂತ ನೀವಿಬ್ರೂ ಜಗಳ ಆಡ್ತಿದೀರಿ, ಶಾರ್ಲಟ್ಸ್‌ವಿಲ್‌ನಲ್ಲಿ ಎರಡೂ ಒಂದೇ ಕೆಲಸ ಆಗಿತ್ತು.

2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದ್ವು. ಏಪ್ರಿಲ್‌ನಲ್ಲಿ ಒಂದು ಸಲ ಕಾಲೇಜ್ ಬದಲಾಯಿಸಿ ತಕ್ಷಣ ಆಡಬಹುದು ಅಂತಾಯ್ತು, ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡ್ಕೋಬಹುದು ಅಂತಾಯ್ತು. 2024ರಲ್ಲಿ ಎಷ್ಟು ಸಲ ಬೇಕಾದ್ರೂ ಬದಲಾಯಿಸಿ ಅಂದ್ರು. 2025ರ ಜುಲೈನಿಂದ ಯೂನಿವರ್ಸಿಟಿಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಎಲ್ಲಾ ಆಟದ ಹುಡುಗ ಹುಡುಗಿಯರಿಗೆ ಹಂಚಬಹುದು. ಪ್ರತಿ ವಸಂತಕ್ಕೆ ಐಪಿಎಲ್ ಮೆಗಾ ಆಕ್ಷನ್, ಅದೂ ರಿಟೆನ್ಷನ್ ಲಿಸ್ಟ್ ಇಲ್ದೆ! ಇಂಥದ್ರಲ್ಲಿ ಹೋಗಿ 18 ವರ್ಷದವನಿಗೆ ಒಂದು ವರ್ಷ ಟವೆಲ್ ಬೀಸಪ್ಪಾ ಅಂದ್ರೆ? ನೆಬ್ರಾಸ್ಕಾದಿಂದ ಬಂದ ಐಸಾಕ್ ಟ್ರೌಟ್ 2022-23ರಲ್ಲಿ ರೆಡ್‌ಶರ್ಟ್ ಮಾಡಿದ, ಸೀಸನ್ ಮುಗಿದ ತಕ್ಷಣ ತನ್ನೂರ ಕಡೆಯ ಕ್ರೈಟನ್‌ಗೆ ಹೋದ. ಒಂದು ವರ್ಷ ಕಲಿಸಿದ್ದು ಬೇರೆಯವರ ಪಾಲಾಯ್ತು.

ಆ ಹುಡುಗನ್ನ ಬೈಬೇಡಿ ಮಾತ್ರ. ನಿಮ್ಮ ಪತ್ರದಲ್ಲಿ ನಿಷ್ಠೆ ಅನ್ನೋ ಪದ ಐದು ಸಲ ಬಂದಿದೆ, ಎಣಿಸ್ದೆ. ಆಶ್‌ಬರ್ನ್, ಹರ್ನ್‌ಡನ್ ಕಡೆ ಇರೋ ನಾವೆಲ್ಲ ಹತ್ತು ಸಾವಿರ ಡಾಲರ್ ಜಾಸ್ತಿ ಕೊಟ್ರೆ ಎದುರು ಬಿಲ್ಡಿಂಗ್‌ಗೆ ಹೋಗಿ ಕೂರೋರು, 19ರ ಹುಡುಗನಿಗೆ ನಿಷ್ಠೆ ಪಾಠ ಹೇಳೋಕೆ ನಮಗೆ ಯಾವ ಮುಖ ಇದೆ? ಬೆನೆಟ್ ಕೂಡ ವಾಷಿಂಗ್ಟನ್ ಸ್ಟೇಟ್‌ನಲ್ಲಿ ಮೂರು ವರ್ಷ ಹೆಡ್ ಕೋಚ್ ಆಗಿದ್ದು ಇಲ್ಲಿಗೆ ಬಂದೋರು. ಕೋಚ್ ಯಾವತ್ತೂ ಹೋಗಬಹುದಿತ್ತು, ಹುಡುಗ ಹೋದ್ರೆ ಮಾತ್ರ ಒಂದು ವರ್ಷ ಕೂರ್ಬೇಕಿತ್ತು. ಹಳೇ ಪದ್ಧತಿ ನಂಗೆ ಇಷ್ಟ ಇತ್ತು, ಆದ್ರೆ ನ್ಯಾಯದ್ದಾಗಿತ್ತು ಅಂತ ಹೇಳಲ್ಲ.

ಬೆನೆಟ್‌ಗೂ ಇದು ಗೊತ್ತಿತ್ತು ಅನ್ಸತ್ತೆ. 2024ರ ಅಕ್ಟೋಬರ್ 18ರಂದು, ಸೀಸನ್ ಶುರುವಾಗೋಕೆ ಮೂರು ವಾರವೂ ಇಲ್ಲದಾಗ, 55ನೇ ವಯಸ್ಸಿಗೆ, 364 ಗೆಲುವು ಕೈಲಿಟ್ಕೊಂಡು ಬಿಟ್ಟುಬಿಟ್ರು. ಈ ಕೆಲಸನ ಹಳೇ ರೀತೀಲಿ ಮಾಡೋಕೆ ನಾನು ಸರಿ, ಈಗಿನ ವಾತಾವರಣಕ್ಕೆ ಅಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಸ್ಯಾಂಚೆಜ್ ಹಂಗಾಮಿ ಕೋಚ್ ಆಗಿ 15-17ರಲ್ಲಿ ಮುಗಿಸಿದ್ರು, ಅದಕ್ಕೆ ಅವರನ್ನ ದೂರೋದು ತಪ್ಪು, ಮನೆ ಯಜಮಾನ ಮದುವೆ ಹಿಂದಿನ ದಿನ ಎದ್ದು ಹೋದ್ರೆ ಅಡುಗೆಯವನನ್ನ ಬೈದಂಗೆ.

ಇನ್ನು ರಯಾನ್ ಓಡಮ್. ಹೌದು, ಆ ರಾತ್ರಿ ಯುಎಂಬಿಸಿ ಬೆಂಚಲ್ಲಿ ನಿಂತಿದ್ದು ಅವರೇ, ಆಮೇಲೆ ಯೂಟಾ ಸ್ಟೇಟ್, ವಿಸಿಯು ಸುತ್ಕೊಂಡು 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದ್ರು. ಆದ್ರೆ ನೀವು ಮರೆತಿರೋದು ಒಂದಿದೆ. ಅವರಪ್ಪ ಡೇವ್ ಓಡಮ್ 80ರ ದಶಕದಲ್ಲಿ ವರ್ಜೀನಿಯಾದಲ್ಲೇ ಅಸಿಸ್ಟೆಂಟ್ ಕೋಚ್, ಈ ಹುಡುಗ ಅಲ್ಲೇ ಬಾಲ್ ಬಾಯ್ ಆಗಿ ಓಡಾಡ್ಕೊಂಡಿದ್ದ. ಹೊರಗಿನವನು ಬಂದು ಮನೆ ಹಾಳು ಮಾಡಿದ ಅಂತ ಏಳು ವರ್ಷ ಬೈದ್ವಲ್ಲ, ಅವನು ನಮ್ಮ ಅಂಗಳದಲ್ಲೇ ಆಡಿ ಬೆಳೆದೋನು. ವೇಗ ಜಾಸ್ತಿ, ತ್ರೀ ಜಾಸ್ತಿ, ಬಂದ ವರ್ಷ ತಂಡ ಹೆಚ್ಚುಕಮ್ಮಿ ಪೂರ್ತಿ ಹೊಸದು. ಪ್ಯಾಕ್ ಲೈನ್ ಹುಡುಕ್ಬೇಡಿ, ಸಿಗಲ್ಲ.

ಒಂದು ಕೆಲಸ ಮಾಡಿ. ನವೆಂಬರ್‌ನಲ್ಲಿ ಮಗನ ಜೊತೆ ಜಾನ್ ಪಾಲ್ ಜೋನ್ಸ್ ಅರೀನಾಗೆ ಹೋದಾಗ ಮೊದಲ ಹತ್ತು ನಿಮಿಷ ಬಾಲ್ ನೋಡ್ಬೇಡಿ, ಬಾಲ್ ಇಲ್ಲದ ಕಡೆ ಇರೋ ನಾಲ್ವರ ಕಾಲು ನೋಡಿ, ಎಷ್ಟು ಸಲ ಒಟ್ಟಿಗೆ ಸರಿದ್ರು, ಎಷ್ಟು ಸಲ ಒಬ್ಬ ಹಿಂದೆ ಉಳಿದ ಅಂತ ಎಣಿಸಿ. ಫೆಬ್ರವರಿಯಲ್ಲಿ ಇನ್ನೊಂದ್ಸಲ ಹೋಗಿ ಎಣಿಸಿ. ಎರಡೂ ಲೆಕ್ಕ ನಮಗೆ ಕಳಿಸಿ, ಹಾಕ್ತೀವಿ. ಮಗನೂ ಬೇಕಾದ್ರೆ ಉತ್ತರ ಬರೀಲಿ, ಒಂದೇ ಪುಟ, ಕನ್ನಡದಲ್ಲಿ. ನಿಮ್ಮ ಮನೆಯವರ ಅಭಿಪ್ರಾಯಕ್ಕೆ ಪುಟದ ಮಿತಿ ಇಲ್ಲ.

— ಸಂ.