ಅರ್ಧಕ್ಕೆ ನಿಂತ ಕ್ರೋಶಾ, ಮತ್ತೆ ಮತ್ತೆ ಬರುವ ಮೊದಲ ದಿನ

ಮೂವತ್ತೈದರ ಆಸುಪಾಸಿನ ಮಹಿಳೆ. ಕಚೇರಿ ಕೆಲಸ, ಶಾಲೆಗೆ ಹೋಗುವ ಮಗ, ವಯಸ್ಸಾದ ಅತ್ತೆ. ಆಪ್ತಸಲಹೆಗೆ ನನ್ನ ಬಳಿ ಮೊದಲ ಸಲ ಗಂಡನ ಜೊತೆ ಬಂದಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಆಕೆ ಕೂತ ಕೂಡಲೇ ಕಾಯಿಲೆಯ ಹೆಸರು ಹೇಳಿಬಿಟ್ಟರು. "ನನಗೆ ಎಡಿಎಚ್‌ಡಿ ಇದೆ ಅನ್ಸುತ್ತೆ ಮೇಡಂ. ಮೊಬೈಲ್‌ನಲ್ಲಿ ಒಂದು ಟೆಸ್ಟ್ ಮಾಡಿದೆ, ಹಾಗೇ ಬಂತು. ಏನು ಶುರು ಮಾಡಿದ್ರೂ ಮುಗಿಸೋಕೆ ಆಗಲ್ಲ." ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ ಅದು. ಪಕ್ಕದಲ್ಲಿದ್ದ ಗಂಡ, ಮೊಬೈಲ್ ವಿಡಿಯೋ ನೋಡಿ ಆಕೆ ಶುರು ಮಾಡಿದ್ದರ ಪಟ್ಟಿ ಒಪ್ಪಿಸಿದರು. ಕ್ರೋಶಾ ಹೆಣಿಗೆ, ದಾರ ಗಂಟುಹಾಕುವ ಮ್ಯಾಕ್ರಮೆ, ಅಚ್ಚಿಗೆ ಸುರಿದು ಗಟ್ಟಿ ಮಾಡುವ ರೆಸಿನ್, ಹಳೇ ಜೀನ್ಸ್ ಹೊಲಿದು ಬ್ಯಾಗು, ಪ್ಲ್ಯಾಂಕ್ ವ್ಯಾಯಾಮದ ಚಾಲೆಂಜ್, ಸ್ಕ್ವಾಟ್ (ಬಸ್ಕಿ) ಚಾಲೆಂಜ್, ಎಳೆಯುವ ರಬ್ಬರ್ ಬ್ಯಾಂಡು. "ಎಲ್ಲಾ ಅರ್ಧಂಬರ್ಧ. ಬೀರುವಿನ ಬಾಗಿಲು ಹಾಕೋಕೆ ಆಗಲ್ಲ ಮೇಡಂ." ಆಕೆ ತಲೆ ತಗ್ಗಿಸಿ ನಕ್ಕರು. ಬೈಗುಳ ಕೇಳಿ ರೂಢಿಯಾದವರು ನಗುವ ನಗು ಅದು.

ತಾವೇ ಕಾಯಿಲೆ ಗುರುತಿಸಿಕೊಂಡು ಬರುವವರು ಈಚೆಗೆ ಜಾಸ್ತಿ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೆಲವರದ್ದು ನಿಜವೂ ಆಗಿರುತ್ತದೆ. ಆದರೆ ಎಡಿಎಚ್‌ಡಿ ಅನ್ನಬೇಕಾದರೆ ಅದರ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಕೆಲಸದಲ್ಲಿ ಮಾತ್ರ ಇದ್ದರೆ ಸಾಲದು, ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. ಹಾಗಾಗಿ ಬಾಲ್ಯದಿಂದ ಕೇಳುತ್ತಾ ಬಂದೆ. ಶಾಲೆಯಲ್ಲಿ ನೋಟ್ಸ್ ಅಚ್ಚುಕಟ್ಟು. ಕಚೇರಿಯಲ್ಲಿ ವರದಿಗಳು ಗಡುವಿಗೆ ಮೊದಲೇ ಸಿದ್ಧ. ಅತ್ತೆಯ ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ. ಮಗನ ಪ್ರಾಜೆಕ್ಟ್‌ಗೆ ರಟ್ಟಿನ ಮನೆ ಮಾಡಿಕೊಟ್ಟದ್ದೂ ಇವರೇ, ಅದೂ ಒಂದೇ ರಾತ್ರಿಯಲ್ಲಿ.

ಅಂದರೆ ಇವರು ಮುಗಿಸಲು ಬಾರದವರಲ್ಲ. ಬೇರೆಯವರಿಗಾಗಿ ಹಿಡಿದದ್ದೆಲ್ಲ ಮುಗಿಯುತ್ತದೆ. ತಮಗಾಗಿ ಶುರು ಮಾಡಿದ್ದು ಮಾತ್ರ ನಿಲ್ಲುತ್ತದೆ. ಇದನ್ನು ಹೇಳಿದಾಗ ಆಕೆ ಸುಮ್ಮನಾದರು. ಗಂಡ "ಅದೂ ಹೌದು" ಅಂದರು. ಖಿನ್ನತೆ, ಆತಂಕದ ಬಗ್ಗೆಯೂ ವಿಚಾರಿಸಿದೆ. ನಿದ್ದೆ ಕಮ್ಮಿ ಅನ್ನುವುದು ಬಿಟ್ಟರೆ ಚಿಂತೆಪಡುವಂಥದ್ದು ಕಾಣಲಿಲ್ಲ.

ಮುಂದಿನ ಭೇಟಿಗೆ ಒಬ್ಬರೇ ಬರಲು ಹೇಳಿದೆ. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಕೊಟ್ಟಿದ್ದೆ. ವಿಡಿಯೋ ನೋಡಿದಾಗಲೆಲ್ಲ ಒಂದು ಸಾಲು ಬರೆದಿಡಬೇಕು. ಎಷ್ಟು ಹೊತ್ತಿಗೆ, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ನೋಡಿದ ಮೇಲೆ ಹೇಗನ್ನಿಸಿತು, ಅಷ್ಟೇ. ಬಿಡಬೇಕು ಅಂತೇನೂ ಹೇಳಲಿಲ್ಲ.

ಆ ಸಾಲುಗಳು ಆನ್‌ಲೈನ್ ಟೆಸ್ಟ್‌ಗಿಂತ ಚೆನ್ನಾಗಿ ವಿಷಯ ಹೇಳಿದವು. ಹೆಚ್ಚುಕಮ್ಮಿ ಎಲ್ಲವೂ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹಾಸಿಗೆಯಲ್ಲಿ. ಕಚೇರಿಯಲ್ಲಿ ಯಾರೋ ಎಗರಾಡಿದ ದಿನ ನೋಡುವುದು ಜಾಸ್ತಿ. "ಸೇವ್ ಮಾಡಿದೆ, ಹಗುರ ಆಯ್ತು" ಅಂತ ಹಲವು ಕಡೆ ಇತ್ತು. "ಆರ್ಡರ್ ಮಾಡಿದೆ, ಖುಷಿ" ಅಂತ ಒಂದು ಕಡೆ. ಅದೇ ಸಾಮಾನು ಬಂದ ದಿನದ ಎದುರಿಗೆ ಬರೆದಿದ್ದು: "ಬಾಕ್ಸ್ ನೋಡಿ ಭಯ."

"ಭಯ ಯಾಕೆ?" ಅಂದೆ.

"ಇನ್ನೊಂದು ಮಾಡಬೇಕಲ್ಲ ಮೇಡಂ. ಮಾಡದೇ ಇದ್ರೆ ಇವ್ರು 'ಇದೂ ಮೂರು ದಿನದ್ದಾ?' ಅಂತಾರೆ. ಅದಕ್ಕೇ ಈಗೆಲ್ಲ ಆಫೀಸಿಗೇ ತರಿಸ್ತೀನಿ."

ತುಂಬಿದ ಬೀರುವಿಗಿಂತ ಆ ಕೊನೆಯ ಮಾತು ನನ್ನನ್ನು ಹೆಚ್ಚು ಕಾಡಿತು. ದಾರ, ಮಣಿ, ರಬ್ಬರ್ ಬ್ಯಾಂಡು ಕದ್ದು ತರಿಸುವ ವಸ್ತುಗಳೇ? ಗಂಡ ಕೆಟ್ಟವರೇನಲ್ಲ. ಅವರ ಲೆಕ್ಕದಲ್ಲಿ ಅದೊಂದು ತಮಾಷೆ. ಆದರೆ ದಿನಾ ಅದೇ ತಮಾಷೆ ಕೇಳುವವರಿಗೆ ಅದು ತೀರ್ಪು.

ಇಲ್ಲಿ ನಾನು ಆಕೆಗೆ ಹೇಳಿದ್ದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ವಿಡಿಯೋ ನೋಡುವುದೇ ನಿಮ್ಮ ಹವ್ಯಾಸ ಅಂತ ಒಪ್ಪಿಕೊಳ್ಳಿ ಅಂದೆ. ದಿನವಿಡೀ ಬೇರೆಯವರ ಕೆಲಸ ಮಾಡಿ ದಣಿದವರು ರಾತ್ರಿ ಅರ್ಧ ಗಂಟೆ ಯಾರದ್ದೋ ಕೈಗಳು ಚಕಚಕನೆ ಬುಟ್ಟಿ ಹೆಣೆಯುವುದನ್ನು ನೋಡಿದರೆ ಅದು ವಿಶ್ರಾಂತಿ. ತಪ್ಪೇನಿದೆ? ತೊಂದರೆ ಶುರುವಾಗುವುದು 'ಸೇವ್' ಒತ್ತಿದಾಗ. ನೋಡಿದ ಪ್ರತಿಯೊಂದೂ ಆಗ ಸಾಲವಾಗುತ್ತದೆ. ತೀರಿಸಬೇಕಾದವರು ನೀವು, ತೀರಿಸದಿದ್ದರೆ ಸೋಮಾರಿ ಅನ್ನಿಸಿಕೊಳ್ಳುವವರೂ ನೀವೇ. ನೋಡಿ, ಖುಷಿಪಡಿ, ಮುಂದೆ ಹೋಗಿ. ಸೇವ್ ಬೇಡ.

ಇನ್ನೊಂದು ಸಂಗತಿಯನ್ನೂ ತಿಳಿಸಿದೆ. ಶಿಕಾಗೋ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಯನ್ 2018ರಲ್ಲಿ, ಬರೀ ನೋಡುವುದರಿಂದಲೇ ಕೆಲಸ ಬಂದಂತೆ ಅನ್ನಿಸುತ್ತದೆಯೇ ಅನ್ನುವುದನ್ನು ಪರೀಕ್ಷಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೇಜಿನ ಮೇಲಿನ ತಟ್ಟೆ ಲೋಟ ಅಲುಗದಂತೆ ಬಟ್ಟೆಯನ್ನು ಸರ್ರನೆ ಎಳೆಯುವ ವಿಡಿಯೋ ಗೊತ್ತಲ್ವಾ? ಅದನ್ನು 20 ಸಲ ನೋಡಿದವರಿಗೆ, ಒಂದೇ ಸಲ ನೋಡಿದವರಿಗಿಂತ, 'ನನ್ನಿಂದ ಆಗುತ್ತೆ' ಅನ್ನುವ ನಂಬಿಕೆ ಜಾಸ್ತಿ ಬಂತು. ಮೂನ್‌ವಾಕ್ ಕುಣಿತ, ಗುರಿಹಲಗೆಗೆ ಡಾರ್ಟ್ ಎಸೆತ ಇತ್ಯಾದಿಗಳಲ್ಲಿ ನಿಜವಾಗಿ ಮಾಡಿಸಿಯೂ ನೋಡಿದರು. ನಂಬಿಕೆ ಹೆಚ್ಚಿತ್ತು, ಕೈಚಳಕ ಇದ್ದಲ್ಲೇ ಇತ್ತು. ಕಲಿತಂತೆ ಅನ್ನಿಸುವುದು ಕಣ್ಣಿಗೆ. ಕೈಗೆ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ದಿನ ಕೈ ಎಡವಿದಾಗ 'ಇಷ್ಟು ಸುಲಭದ್ದೂ ನನಗೆ ಬರಲ್ಲ' ಅನ್ನಿಸುತ್ತದೆ. ಕಷ್ಟದ್ದು ಅಂತ ಗೊತ್ತಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮುಂದಿನ ಸಲ ಒಂದು ಅರ್ಧಂಬರ್ಧ ವಸ್ತುವನ್ನು ತನ್ನಿ ಅಂದೆ. ಕ್ರೋಶಾದ ಹೊದಿಕೆ ತಂದರು. ಮಗನಿಗಾಗಿ ಶುರು ಮಾಡಿದ್ದಂತೆ. ಕೆಳಗೆ ಮೊಳದಗಲ ಇದ್ದದ್ದು ಮೇಲೆ ಹೋಗುತ್ತಾ ಕಿರಿದಾಗಿ, ಕೊನೆಗೆ ಅಂಗೈಯಷ್ಟಾಗಿ ನಿಂತಿತ್ತು. ಕ್ರೋಶಾ ಕಡ್ಡಿ ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. "ನನ್ನ ಕೈಯೇ ಸರಿ ಇಲ್ಲ" ಅಂದರು.

ನನಗೂ ಕ್ರೋಶಾ ಅಲ್ಪಸ್ವಲ್ಪ ಬರುತ್ತದೆ. ಇಬ್ಬರೂ ಕೂತು ಸಾಲುಗಳಲ್ಲಿ ಹೊಲಿಗೆ ಎಣಿಸಿದೆವು. ಮೊದಲ ಸಾಲಿಗೆ 40, ಮುಂದಿನದಕ್ಕೆ 39, ಆಮೇಲೆ 38. ಡಬಲ್ ಕ್ರೋಶಾ ಅನ್ನುವ ಹೊಲಿಗೆಯಲ್ಲಿ ಸಾಲು ತಿರುಗಿಸುವಾಗ ಮೂರು ಚೈನ್ (ಸರಪಳಿ ಕುಣಿಕೆ) ಹಾಕುತ್ತೇವೆ. ಆ ಮೂರೂ ಸೇರಿ ಒಂದು ಹೊಲಿಗೆಯ ಲೆಕ್ಕ. ತಿರುಗಿ ಬಂದಾಗ ಅದರ ತಲೆಯ ಮೇಲೆ ಕೊನೆಯ ಹೊಲಿಗೆ ಹಾಕಬೇಕು. ಅದು ಅಂಚಿನಲ್ಲಿ ಮುದುಡಿಕೊಂಡು ಕೂತಿರುವುದರಿಂದ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಸಾಲಿಗೊಂದು ಹೊಲಿಗೆ ಕಳೆದುಹೋಗುತ್ತದೆ. ಆಕೆ ಅನುಸರಿಸುತ್ತಿದ್ದ ವಿಡಿಯೋ ತೆಗೆಸಿ ನೋಡಿದೆ. ಸಾಲಿನ ನಡುಭಾಗವನ್ನು ನಿಧಾನವಾಗಿ ತೋರಿಸಿ, ಅಂಚು ಬಂದಾಗ ಸರಕ್ಕನೆ ಮುಂದಿನ ಸಾಲಿಗೆ ಹಾರುತ್ತಿತ್ತು.

"ಇಷ್ಟೇನಾ ಮೇಡಂ?"

ಇಷ್ಟೇ. ತಪ್ಪಿಗೆ ಒಂದು ಕಾರಣ ಇತ್ತು. ಆ ಕಾರಣ ಆಕೆಯ ಸ್ವಭಾವ ಆಗಿರಲಿಲ್ಲ. ಆ ದಿನದ ಸಮಾಲೋಚನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಬೇರೇನೂ ಆಡಲಿಲ್ಲ.

ವ್ಯಾಯಾಮದ ಕಥೆ ಬೇರೆ, ಅಲ್ಲಿ ದೇಹದ ಪ್ರಶ್ನೆಯೂ ಇತ್ತು. ಸ್ಕ್ವಾಟ್ ಚಾಲೆಂಜ್ ಮೊದಲ ದಿನ 50ರಿಂದ ಶುರುವಾಗಿ ಮೂವತ್ತನೇ ದಿನಕ್ಕೆ 250 ಮುಟ್ಟುವಂಥದ್ದು. ಯಾರ ಮೊಣಕಾಲು, ಎಷ್ಟು ವಯಸ್ಸು, ಎಷ್ಟು ವರ್ಷದಿಂದ ಕೂತು ಕೆಲಸ, ಅದು ಕೇಳುವುದಿಲ್ಲ. ಆಕೆ ವಾರ ಹತ್ತು ದಿನ ಎಳೆಯುತ್ತಿದ್ದರು. ಮಗನಿಗೆ ಜ್ವರ ಅಂತಲೋ ಮತ್ತೇನೋ ಒಂದು ದಿನ ತಪ್ಪುತ್ತಿತ್ತು. ತಪ್ಪಿದರೆ 'ಚಾಲೆಂಜ್ ಹೋಯ್ತು' ಅಂತ ಮತ್ತೆ ಮೊದಲ ದಿನದಿಂದ. ಇಲ್ಲವೇ ಇನ್ನೊಂದು ಚಾಲೆಂಜ್‌ನ ಮೊದಲ ದಿನ. ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯುತ್ತಿದೆ ಅನ್ನುವುದನ್ನು ನಾನು ಕೇಳಿದ ಮೇಲೇ ಹೇಳಿದರು.

ಹೊಸ ವ್ಯಾಯಾಮದ ನಂತರ ಒಂದರಿಂದ ಮೂರು ದಿನ ಸ್ನಾಯು ಹಿಡಿದುಕೊಳ್ಳುವುದು ಸಾಮಾನ್ಯ, ತಾನಾಗಿಯೇ ಹೋಗುತ್ತದೆ. ಕೀಲಿನ ನೋವು ವಾರಗಟ್ಟಲೆ ಇದ್ದರೆ ಅದು ಬೇರೆ. ಅದಕ್ಕೆ ಆಪ್ತಸಲಹೆ ಸಾಲದು. ಮೊದಲು ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಸ್ಕ್ವಾಟ್ ಪೂರ್ತಿ ನಿಲ್ಲಿಸಿ ಅಂದೆ. ಇಂಥ ಚಾಲೆಂಜ್ ಮಾಡುವ ಎಲ್ಲರಿಗೂ ಹೇಳುವ ಇನ್ನೊಂದು ಮಾತನ್ನೂ ಹೇಳಿದೆ. ರೂಢಿ ಇಲ್ಲದೆ ಒಮ್ಮೆಲೇ ಮಿತಿಮೀರಿ ವ್ಯಾಯಾಮ ಮಾಡಿದ ಮೇಲೆ ವಿಪರೀತ ಸ್ನಾಯು ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸೂಚನೆ ಅದು. ಆಕೆಗೆ ಹಾಗೇನೂ ಆಗಿರಲಿಲ್ಲ.

'ಒಂದು ದಿನ ತಪ್ಪಿದರೆ ಎಲ್ಲ ಹೋಯ್ತು' ಅನ್ನುವ ಯೋಚನೆಯ ಮೇಲೆ ಜಾಸ್ತಿ ಹೊತ್ತು ಕಳೆದೆವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸಣ್ಣ ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದ ಕಾಲ ಒಬ್ಬೊಬ್ಬರಿಗೆ ಒಂದೊಂದು ಥರ. 18 ದಿನದಿಂದ 254 ದಿನದವರೆಗೆ ಅಂದಾಜು ಬಂತು. ನಡುವಿನ ಸಂಖ್ಯೆ 66. ಆಕೆಗೆ ಬೇಕಾಗಿದ್ದ ಸಂಗತಿ ಇನ್ನೊಂದಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಹಾಗಿದ್ದರೆ ಮೊದಲ ದಿನಕ್ಕೆ ಯಾಕೆ ಹಿಂದಿರುಗಬೇಕು? ತಪ್ಪಿದ ಮರುದಿನ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿರಿ. ಮತ್ತೆ ಮೊದಲ ದಿನ ಅನ್ನುವುದನ್ನೇ ಲೆಕ್ಕದಿಂದ ತೆಗೆದುಹಾಕಿದೆವು.

ಆಮೇಲೆ ಬೀರು. ಒಂದು ಕರಕುಶಲ ಕೆಲಸ, ಒಂದು ವ್ಯಾಯಾಮ, ಇಷ್ಟನ್ನೇ ಉಳಿಸಿಕೊಳ್ಳಿ ಅಂದೆ. ಮಿಕ್ಕಿದ್ದನ್ನು 'ಯಾವತ್ತಾದರೂ' ಅಂತ ಒಳಗಿಡಬಾರದು. ಬೇಕಾದವರಿಗೆ ಕೊಟ್ಟುಬಿಡಬೇಕು. ರೆಸಿನ್ ಬಗ್ಗೆ ನಾನು ಪಟ್ಟು ಹಿಡಿದೆ. ರಾತ್ರಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕೈಗವಸಿಲ್ಲದೆ ಕಲಸುತ್ತಿದ್ದರಂತೆ. ಮರುದಿನ ತಲೆನೋವು. ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಅಳತೆ ತಪ್ಪಿದರೆ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ಅದು ಚರ್ಮಕ್ಕೆ ತಾಗುತ್ತಾ ಹೋದರೆ ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ, ಗಾಳಿ ಆಡುವ ಕಡೆ ಸರಿಯಾದ ಅಳತೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ ಗಟ್ಟಿಯಾದ ಮೇಲೆ ಎಸೆಯಿರಿ ಅಂದೆ.

ಆಕೆ ಉಳಿಸಿಕೊಂಡದ್ದು ಕ್ರೋಶಾ. ಅದಕ್ಕೊಂದು ಗಳಿಗೆ ಗೊತ್ತುಮಾಡಿದೆವು. "ದಿನಾ ಮಾಡ್ತೀನಿ" ಅನ್ನುವುದಕ್ಕಿಂತ "ಇಂಥದ್ದು ಆದ ಮೇಲೆ ಇಂಥದ್ದು ಮಾಡ್ತೀನಿ" ಅಂತ ಮುಂಚೆಯೇ ನಿಶ್ಚಯಿಸಿದರೆ ಕೆಲಸ ನಡೆಯುವ ಸಾಧ್ಯತೆ ಜಾಸ್ತಿ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನೋವಿಜ್ಞಾನಿ ತೊಂಬತ್ತರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಆಕೆಯ ವಾಕ್ಯ ಹೀಗಿತ್ತು: "ಅತ್ತೆಗೆ ರಾತ್ರಿಯ ಮಾತ್ರೆ ಕೊಟ್ಟ ಮೇಲೆ ಅಲ್ಲೇ ಕೂತು ಎರಡು ಸಾಲು." ಎರಡೇ ಸಾಲು. ಪ್ರತಿ ಸಾಲಿನ ಕೊನೆಗೆ ಎಣಿಸಬೇಕು. ಫೋಟೋ ತೆಗೆಯುವ ಹಾಗಿಲ್ಲ. ಸಿಕ್ಕಾಪಟ್ಟೆ ಚೆನ್ನಾಗಿರುವ ಬೇರೆಯವರ ಫೋಟೋದ ಪಕ್ಕದಲ್ಲಿ ಕಲಿಯುವವರ ಕೆಲಸ ಇಟ್ಟರೆ ಏನಾಗುತ್ತದೆ ಅಂತ ಗೊತ್ತೇ ಇದೆ.

ಗಂಡನ ಜೊತೆ ಬೇರೆಯಾಗಿ ಮಾತಾಡಿದೆ. "ಮೂರು ದಿನದ್ದಾ" ನಿಲ್ಲಬೇಕು ಅಂದೆ, ಒಪ್ಪಿದರು. ಹೊಗಳುವುದೂ ಸದ್ಯಕ್ಕೆ ಬೇಡ ಅಂದಾಗ ಹುಬ್ಬೇರಿಸಿದರು. "ಹೊಗಳಿದ್ರೆ ತಪ್ಪೇನು ಮೇಡಂ?" ಹೊಗಳಿಕೆಯೂ ಒಂದು ಕಾವಲು. ನಾಳೆ ಮಾಡದಿದ್ದರೆ ಏನಂದಾರೋ ಅನ್ನುವ ಅಳುಕು ಅದರಿಂದಲೂ ಬರುತ್ತದೆ. ಅದರ ಬದಲು ಸಂಜೆ ಅರ್ಧ ಗಂಟೆ ಮಗನ ಹೋಂವರ್ಕ್ ನೀವು ನೋಡಿಕೊಳ್ಳಿ ಅಂದೆ. ಸುಮ್ಮನೆ ಕೂತು ಏನಾದರೂ ಮಾಡಲು ಅರ್ಧ ಗಂಟೆಯೇ ಸಿಗದವರಿಗೆ 'ಮುಗಿಸಲ್ಲ' ಅನ್ನುವುದು ಅನ್ಯಾಯ. ನಂತರದ ಜಂಟಿ ಭೇಟಿಯಲ್ಲಿ ಆಕೆ ಗಂಡನ ಅಟ್ಟದ ಮೇಲಿನ ಗಿಟಾರನ್ನು ನೆನಪಿಸಿದರು. ಮೂವರೂ ನಕ್ಕೆವು. ಬೀರುವಿನ ಚರ್ಚೆ ಅಲ್ಲಿಗೆ ಮುಗಿಯಿತು.

ಆಮೇಲೆ ನಡೆದದ್ದೆಲ್ಲ ನೇರ ಗೆರೆಯಲ್ಲಿ ಸಾಗಲಿಲ್ಲ. ಆಕೆ ಕಿರಿದಾದ ಹೊದಿಕೆಯನ್ನು ಪೂರ್ತಿ ಬಿಚ್ಚಿ, ಉಲ್ಲನ್ ಉಂಡೆ ಕಟ್ಟಿ, ಹೊಸದಾಗಿ ಶುರು ಮಾಡಿದರು. ಹೊದಿಕೆಯ ಆಸೆ ಬಿಟ್ಟು ಕುತ್ತಿಗೆಗೆ ಸುತ್ತುವ ಪಟ್ಟಿಗೆ ಇಳಿದರು. ಒಳ್ಳೆಯ ನಿರ್ಧಾರ. ಮೊಣಕಾಲಿಗೆ ವೈದ್ಯರು ಫಿಸಿಯೋಥೆರಪಿಗೆ ಕಳಿಸಿದರು. ಈಗ ಕುರ್ಚಿಯಿಂದ ಏಳುವ ಕೂರುವ ಅಭ್ಯಾಸ, ಜೊತೆಗೆ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಮತ್ತು ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಅಷ್ಟು ಇನ್ನೂ ಆಗಿಲ್ಲ. ಕಮ್ಮಿಯಾದರೂ ಏನೂ ಇಲ್ಲದ್ದಕ್ಕಿಂತ ಒಳ್ಳೆಯದು ಅಂತ ಅದೇ ಸಂಸ್ಥೆ ಹೇಳುತ್ತದೆ. ಅದನ್ನೂ ಓದಿ ಹೇಳಿದೆ.

ನಡುವೆ ಒಂದು ರಾತ್ರಿ, ಕಚೇರಿಯ ಜಗಳದ ನಂತರ, ಮೇಣದಬತ್ತಿ ಮಾಡುವ ಕಿಟ್ ಆರ್ಡರ್ ಮಾಡಿಬಿಟ್ಟರು. ಆದರೆ ಈ ಸಲ ಮನೆಗೇ ತರಿಸಿದರು, ಎಲ್ಲರೆದುರೇ ಬಿಚ್ಚಿದರು. ಅದನ್ನು ಹಳೆಯ ಚಾಳಿಗೆ ಮರಳಿದ್ದು ಅಂತ ನಾನು ಬರೆದುಕೊಳ್ಳಲಿಲ್ಲ.

ಸರಿಹೋಗದೇ ಉಳಿದಿರುವುದು ನಿದ್ದೆ. ಫೋನು ಈಗಲೂ ದಿಂಬಿನ ಪಕ್ಕದಲ್ಲೇ. ಮೂಲದಲ್ಲಿರುವುದು ಕಚೇರಿಯ ಕಿರಿಕಿರಿ ಅನ್ನುವುದು ಇಬ್ಬರಿಗೂ ಸ್ಪಷ್ಟವಾಗಿದೆ. ಸದ್ಯದ ಭೇಟಿಗಳಲ್ಲಿ ಅದನ್ನೇ ಹಿಡಿದಿದ್ದೇವೆ. ಮೇಲಿನವರು ಎಗರಾಡಿದಾಗ ಅಲ್ಲೇ ಏನು ಹೇಳಬಹುದು, ಹೇಗೆ ಹೇಳಬಹುದು ಅಂತ ಆಕೆ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದಾರೆ.